ಕಾರ್ಡಿನಲ್ಲಿ ಲಕ್ಷ ಇದೆ, ಕ್ಯಾಥೆಟರ್‌ಗೆ ಮಾತ್ರ ಇಲ್ಲ: ಮೂಡಿಗೆರೆ ಕಡೆಯ ಒಂದು ಪ್ರಕರಣ

ಈ ಪ್ರಕರಣ ಮೂಡಿಗೆರೆ ತಾಲ್ಲೂಕಿನದು. ಮೆಣಸು ಕೊಯ್ಯುವಾಗ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಒಬ್ಬ ಕೂಲಿ ಕಾರ್ಮಿಕ. ಅವರನ್ನು ನೋಡಿಕೊಳ್ಳುವ ಹೆಂಡತಿ. ಸರ್ಕಾರದ ದುಡ್ಡು ಅವರ ಆರೈಕೆಗೆ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಯಾವ ಕಾಗದ ಹಿಡಿದು ಅದನ್ನು ಮತ್ತೆ ಓಡಿಸಬೇಕಾಯಿತು ಅನ್ನುವುದಷ್ಟೇ ಇಲ್ಲಿದೆ. ನಾನು ಹೋಬಳಿಯಲ್ಲಿ ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಹಾಗಾಗಿ ಇವರ ಕಾಗದಗಳೆಲ್ಲ ಒಂದಲ್ಲ ಒಂದು ದಿನ ನನ್ನ ಮೇಜಿನ ಮೇಲೆ ಬಂದಿವೆ. ಹೆಸರು ಬೇಡ. ಊರಲ್ಲಿ ಕರೆಯುವ ಹಾಗೆ ಅಣ್ಣ, ಅತ್ತಿಗೆ ಅಂತಲೇ ಬರೆಯುತ್ತೇನೆ.

ಅಣ್ಣನಿಗೆ ಆಗ 40 ವರ್ಷ. ದಿನಕ್ಕೆ 450 ರೂಪಾಯಿ ಕೂಲಿ. 2024ರ ಮೆಣಸು ಕೊಯ್ಲಿನ ಕಾಲ. ನಮ್ಮ ಕಡೆ ಜನವರಿಯಿಂದ ಮಾರ್ಚ್‌ವರೆಗೆ ತೋಟದಲ್ಲಿ ಇದೇ ಕೆಲಸ. ಸಿಲ್ವರ್ ಮರಕ್ಕೆ ಬಳ್ಳಿ ಹಬ್ಬಿರುತ್ತದೆ, ಮರ ನೆಟ್ಟಗೆ ಮೇಲೆ ಹೋಗಿರುತ್ತದೆ, ಹಿಡಿದುಕೊಳ್ಳಲು ಕೊಂಬೆ ಕಡಿಮೆ. ಒಂಟಿ ಏಣಿ ಹಾಕಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತುತ್ತಾರೆ. ಏಣಿ ಜಾರಿತು. ಬೆನ್ನು ಕೊಟ್ಟು ಬಿದ್ದರು. ಜೊತೆಗಿದ್ದವರು ಗಾಬರಿಯಲ್ಲಿ ಎತ್ತಿ ಜೀಪಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. (ಇದನ್ನು ತೋಟದವರಿಗೆಲ್ಲ ಹೇಳಬೇಕು: ಬೆನ್ನಿಗೆ ಪೆಟ್ಟಾದವರನ್ನು ಕೂರಿಸಬೇಡಿ. 108 ಬರುವವರೆಗೆ ಅಲುಗಾಡಿಸಬೇಡಿ, ಸಾಗಿಸಲೇಬೇಕಾದರೆ ಹಲಗೆ ಮೇಲೆ ನೇರ ಮಲಗಿಸಿ.) ತಾಲ್ಲೂಕು ಆಸ್ಪತ್ರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಒಂದು ಆಸ್ಪತ್ರೆ. ಬೆನ್ನುಮೂಳೆ ಮುರಿದು ಒಳಗಿನ ನರದ ಹುರಿಗೆ ಪೆಟ್ಟಾಗಿತ್ತು. ಆಪರೇಷನ್ ಮಾಡಿ ರಾಡು, ಸ್ಕ್ರೂ ಹಾಕಿದರು. ಕಾಲಿಗೆ ಸ್ಪರ್ಶ ಬರಲಿಲ್ಲ. ಮೂತ್ರ, ಮಲ ಎರಡರ ಮೇಲೂ ಹಿಡಿತ ಹೋಯಿತು.

ಇಲ್ಲಿಯವರೆಗೆ ದುಡ್ಡಿನ ಸಮಸ್ಯೆ ಆಗಲಿಲ್ಲ ಅಂದರೆ ನಂಬಬೇಕು. ಬಿಪಿಎಲ್ ರೇಷನ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೂ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಬೇಕು. ತುರ್ತು ಅಂದರೆ ಬೇಡ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರು ಆನ್‌ಲೈನ್‌ನಲ್ಲಿ ಅನುಮತಿ ತೆಗೆದುಕೊಂಡರು, ಆಪರೇಷನ್ ಆಯಿತು, ಅತ್ತಿಗೆ ಊಟಕ್ಕೆ, ಓಡಾಟಕ್ಕೆ ಬಿಟ್ಟರೆ ಕೈಯಿಂದ ಹೆಚ್ಚು ಹಾಕಲಿಲ್ಲ. ಈ ಯೋಜನೆಯನ್ನು ಸುಮ್ನೆ ಬೈಯುವವರು ಜಾಸ್ತಿ ಇದ್ದಾರೆ. ಆ ಒಂದು ವಾರದ ಮಟ್ಟಿಗೆ ಅದು ಮಾಡಬೇಕಾದ್ದನ್ನು ಮಾಡಿತು.

ಕಷ್ಟ ಶುರುವಾದದ್ದು ಡಿಸ್ಚಾರ್ಜ್ ಆದಮೇಲೆ.

ಆಸ್ಪತ್ರೆಯಿಂದ ಕೊಟ್ಟ ಔಷಧಿ ಮುಗಿಯಿತು. ಈ ಯೋಜನೆಯ ಕೇಂದ್ರದ ಭಾಗವಾದ ಪಿಎಂ-ಜೆಎವೈ ನಿಯಮದಲ್ಲಿ ಡಿಸ್ಚಾರ್ಜ್ ನಂತರದ 15 ದಿನದ ಖರ್ಚು ಪ್ಯಾಕೇಜಿನೊಳಗೆ ಬರುತ್ತದೆ. ಹದಿನಾರನೇ ದಿನದಿಂದ ಮನೆಯವರದೇ ಪಾಡು. ಆದರೆ ಇಂಥ ಕಾಯಿಲೆಯಲ್ಲಿ ಹದಿನಾರನೇ ದಿನಕ್ಕೆ ಏನು ಮುಗಿದಿರುತ್ತದೆ ಹೇಳಿ? ಮೂತ್ರಕ್ಕೆ ಹಾಕಿದ ಪೈಪು (ಕ್ಯಾಥೆಟರ್) ಇದೆ, ಅದನ್ನು ಆಗಾಗ ಬದಲಿಸಬೇಕು. ಯೂರಿನ್ ಬ್ಯಾಗ್ ಬೇಕು. ಮಲ ಹೋಗಲು ಔಷಧಿ, ಗ್ಲೌಸ್, ಡೈಪರ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಗಾಳಿ ತುಂಬುವ ಹಾಸಿಗೆ ಇದ್ದರೆ ಬೆನ್ನಿನ ಹುಣ್ಣು ತಡೆಯಬಹುದು. ಕಾಲಿನ ಕೀಲು ಬಿಗಿಯಾಗದಂತೆ ದಿನಾ ವ್ಯಾಯಾಮ ಮಾಡಿಸಬೇಕು. ಅತ್ತಿಗೆ ಬಿಲ್ಲುಗಳನ್ನೆಲ್ಲ ಒಂದು ಬಟ್ಟೆ ಅಂಗಡಿಯ ಕವರಿನಲ್ಲಿ ಹಾಕಿ ಇಟ್ಟಿದ್ದರು. ಕೂಡಿಸಿದರೆ ತಿಂಗಳಿಗೆ ಎಂಟು ಸಾವಿರದ ಆಸುಪಾಸು. ಅತ್ತ ಅಣ್ಣನ ಕೂಲಿ ನಿಂತಿತ್ತು. ನೋಡಿಕೊಳ್ಳಲು ಮನೆಯಲ್ಲೇ ಇರಬೇಕಾದ್ದರಿಂದ ಅತ್ತಿಗೆಯ ಕೂಲಿಯೂ ನಿಂತಿತ್ತು.

ಅವರು ನನ್ನ ಹತ್ತಿರ ಬಂದದ್ದು ಒಂದೇ ಪ್ರಶ್ನೆ ಹಿಡಿದುಕೊಂಡು. "ಕಾರ್ಡಿನಲ್ಲಿ 5 ಲಕ್ಷ ಇದೆ ಅಂತ ಹೇಳಿದ್ರಿ. ಆಪರೇಷನ್‌ಗೆ ಅಷ್ಟೂ ಖರ್ಚಾಗಿಲ್ಲ. ಉಳಿದದ್ದರಲ್ಲಿ ಪೈಪು, ಔಷಧಿ ಕೊಡಿಸೋಕೆ ಆಗಲ್ವಾ?"

ಎಷ್ಟು ನ್ಯಾಯವಾದ ಪ್ರಶ್ನೆ ಅಲ್ವಾ. ಆದರೆ ಆ 5 ಲಕ್ಷ ಖಾತೆಯಲ್ಲಿರುವ ದುಡ್ಡಲ್ಲ. ಅದು ಬರೀ ಮಿತಿ. ಆಸ್ಪತ್ರೆಗೆ ಸೇರಿದಾಗ, ಪಟ್ಟಿಯಲ್ಲಿ ಹೆಸರಿರುವ ಚಿಕಿತ್ಸೆಗೆ, ಆಸ್ಪತ್ರೆಗೆ ನೇರ ಪಾವತಿಯಾಗುವ ಪ್ಯಾಕೇಜ್ ದರ. ಹೊರರೋಗಿಗೆ ಬರೆದ ಮಾತ್ರೆ, ಮನೆಯಲ್ಲಿ ಮಾಡುವ ಡ್ರೆಸ್ಸಿಂಗ್, ಹಾಸಿಗೆ, ಡೈಪರ್ ಆ ಪಟ್ಟಿಯಲ್ಲಿ ಇಲ್ಲ. ಕೀಳುವುದಕ್ಕೆ, ಕೊಯ್ಯುವುದಕ್ಕೆ, ಹೊಲಿಯುವುದಕ್ಕೆ ಹೆಸರಿದೆ. ದಿನಾ ನೋಡಿಕೊಳ್ಳುವುದಕ್ಕೆ ಹೆಸರಿಲ್ಲ. ಈ ಪ್ರಕರಣದಲ್ಲಿ ನನಗೆ ಅರ್ಥವಾದ ಮುಖ್ಯ ಸಂಗತಿ ಇದೇ. ದೀರ್ಘ ಕಾಲದ ಆರೈಕೆ ಅಂತ ಅರ್ಜಿ ಹಾಕಿದರೆ ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ. ಅದನ್ನು ಬಿಡಿಬಿಡಿ ಮಾಡಿ, ಒಂದೊಂದು ತುಂಡಿಗೂ ಯಾವುದಾದರೂ ಕಚೇರಿಯ ಭಾಷೆಯಲ್ಲಿ ಹೆಸರಿಟ್ಟು, ಸರ್ಕಾರಿ ವೈದ್ಯರ ಸಹಿ ಹಾಕಿಸಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ.

ಹೇಗೆ ಬಿಡಿಸಬೇಕು ಅನ್ನುವ ದಾರಿ ಸಿಕ್ಕಿದ್ದು ದೂರದಿಂದ. ನಮ್ಮೂರಿನ ಹುಡುಗಿಯೊಬ್ಬಳು ಇಂಗ್ಲೆಂಡಿನಲ್ಲಿ ನರ್ಸ್. ಫೋನಿನಲ್ಲಿ ಈ ವಿಷಯ ಬಂದಾಗ ಅಲ್ಲಿನ ಪದ್ಧತಿ ಹೇಳಿದಳು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಎನ್‌ಎಚ್‌ಎಸ್ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಅಂತ ಇದೆ. ಒಬ್ಬರ ಮುಖ್ಯ ಅಗತ್ಯ ಆರೋಗ್ಯದ್ದೇ ಅಂತ ತೀರ್ಮಾನವಾದರೆ, ಮನೆಯಲ್ಲಿದ್ದರೂ ಆರೈಕೆಯ ಪೂರ್ತಿ ಖರ್ಚು ಸರ್ಕಾರದ್ದು, ಆಸ್ತಿ ಎಷ್ಟಿದೆ ಅಂತ ಕೇಳುವುದಿಲ್ಲ. ಆರೋಗ್ಯದ್ದಲ್ಲ, ಸಾಮಾಜಿಕ ಅಗತ್ಯ ಅಂದರೆ ಆದಾಯ, ಆಸ್ತಿ ನೋಡಿ ಕೊಡುತ್ತಾರೆ. ಈ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರ ಮೇಲೆ ಅಲ್ಲಿಯೂ ಕುಟುಂಬಗಳು ವರ್ಷಗಟ್ಟಲೆ ಜಗಳ ಆಡುತ್ತವಂತೆ. ತೀರ್ಮಾನಕ್ಕೆ ಒಂದು ದೊಡ್ಡ ಫಾರಂ ತುಂಬುತ್ತಾರೆ, ಅದರಲ್ಲಿ 12 ತಲೆಬರಹ: ಉಸಿರಾಟ, ಆಹಾರ, ಮಲಮೂತ್ರದ ಹಿಡಿತ, ಚರ್ಮ, ಓಡಾಟ, ಮಾತು, ಮನಸ್ಸು, ಬುದ್ಧಿ, ನಡವಳಿಕೆ, ಔಷಧಿ ಮತ್ತು ನೋವು, ಪ್ರಜ್ಞೆ, ಇನ್ನಿತರೆ. ಒಂದೊಂದರಲ್ಲೂ ಎಷ್ಟು ತೀವ್ರ ಅಂತ ಗುರುತಿಸುತ್ತಾರೆ.

ಆ ಯೋಜನೆ ನಮಗೆ ಬರುವುದಿಲ್ಲ ಬಿಡಿ. ಆದರೆ ಆ ತಲೆಬರಹಗಳು ಉಪಯೋಗಕ್ಕೆ ಬಂದವು. ಅತ್ತಿಗೆಯನ್ನು ಕೂರಿಸಿಕೊಂಡು ಎರಡು ಹಾಳೆ ಬರೆದೆವು. ಚರ್ಮ: ಬೆನ್ನಿನ ಕೆಳಗೆ ಕೆಂಪಾಗಿದೆ, ಎಷ್ಟು ಹೊತ್ತಿಗೊಮ್ಮೆ ಹೊರಳಿಸುತ್ತೇವೆ. ಮಲಮೂತ್ರ: ಪೈಪು ಯಾವ ಅಳತೆ, ಯಾವತ್ತು ಬದಲಿಸಿದ್ದು, ಜ್ವರ ಎಷ್ಟು ಸಲ ಬಂತು. ಓಡಾಟ: ಮಂಚದಿಂದ ಕುರ್ಚಿಗೆ ಇಬ್ಬರು ಎತ್ತಬೇಕು. ಮನಸ್ಸು ಅನ್ನುವ ಕಡೆ ಬಂದಾಗ ಅತ್ತಿಗೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ "ಊಟ ಬೇಡ ಅಂತಾರೆ, ಯಾರ ಜೊತೆಗೂ ಮಾತಿಲ್ಲ, ರಾತ್ರಿ ನಿದ್ದೆ ಇಲ್ಲ" ಅಂದರು. ಅದನ್ನೂ ಬರೆದೆವು. ಇದುವರೆಗೆ ಯಾವ ಡಾಕ್ಟರೂ ಆ ಪ್ರಶ್ನೆ ಕೇಳಿರಲಿಲ್ಲ.

ಆ ಎರಡು ಹಾಳೆ ಹಿಡಿದು ಮೊದಲು ಹೋದದ್ದು ಹತ್ತಿರದ ಉಪಕೇಂದ್ರಕ್ಕೆ. ಈಗ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡು. ಬಹಳ ಜನರಿಗೆ ಗೊತ್ತಿಲ್ಲ, ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವಯಸ್ಸಾದವರ ಮತ್ತು ಉಪಶಾಮಕ ಆರೈಕೆಯೂ (ಕಾಯಿಲೆ ವಾಸಿಯಾಗದಿದ್ದರೂ ನೋವು, ಕಷ್ಟ ಕಡಿಮೆ ಮಾಡುವುದು) ಒಂದು. ಹಾಸಿಗೆ ಹಿಡಿದವರ ಮನೆಗೆ ಹೋಗುವುದು ಅದರಲ್ಲಿ ಸೇರುತ್ತದೆ. ಅಲ್ಲಿನ ಆರೋಗ್ಯ ಅಧಿಕಾರಿ (ಸಿಎಚ್‌ಒ) ಮೇಡಂ ಒಳ್ಳೆಯವರು, ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಮನೆಗೆ ಬಂದರು, ಗಾಯ ನೋಡಿದರು, ಡ್ರೆಸ್ಸಿಂಗ್ ಹೇಗೆ ಮಾಡಬೇಕು ಅಂತ ತೋರಿಸಿದರು. ಹತ್ತಿ, ಗಾಜ್, ಬೆಟಾಡಿನ್ ಅಲ್ಲಿಂದಲೇ ಸಿಗತೊಡಗಿತು. ಡ್ರೆಸ್ಸಿಂಗ್ ಖರ್ಚು ಅಲ್ಲಿಗೆ ಬಹುಪಾಲು ನಿಂತಿತು.

ಕ್ಯಾಥೆಟರ್ ಕಥೆ ಬೇರೆ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ ಅಂದರು. ಮುಂದಿನ ತಿಂಗಳೂ ಅದೇ ಮಾತು. ಅಲ್ಲಿ ಕೆಲಸ ಮಾಡಿದ್ದು ಚೀಟಿಯ ಒಕ್ಕಣೆ. ಮೊದಲು ಡಾಕ್ಟರ್ ಬರೆದಿದ್ದು ಬರೀ ಕ್ಯಾಥೆಟರ್ ಬದಲಿಸಿ ಅಂತ. ಆಮೇಲೆ ನಮ್ಮ ಹಾಳೆ ನೋಡಿ, ಬೆನ್ನುಹುರಿಗೆ ಪೆಟ್ಟಾದ ರೋಗಿ, ಜೀವನಪೂರ್ತಿ ಬೇಕಾಗುತ್ತದೆ, ಇಂಥ ಅಳತೆ, ತಿಂಗಳಿಗೆ ಇಷ್ಟು ಅಂತ ಬರೆದುಕೊಟ್ಟರು. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ಅದರ ಕೈಯಲ್ಲಿ ಸ್ಥಳೀಯವಾಗಿ ಖರೀದಿ ಮಾಡಲು ಸ್ವಲ್ಪ ದುಡ್ಡಿರುತ್ತದೆ. ಸ್ಟಾಕ್ ಇಲ್ಲ ಅನ್ನುವ ಮಾತಿಗೆ ಉತ್ತರ ಅಲ್ಲಿದೆ. ಆದರೆ ಇಂತಿಷ್ಟು ಬೇಕು, ಪ್ರತಿ ತಿಂಗಳೂ ಬೇಕು ಅನ್ನುವ ಕಾಗದ ಇಲ್ಲದೆ ಅವರು ತಾನೇ ಯಾವ ಲೆಕ್ಕದಲ್ಲಿ ಕೊಳ್ಳುತ್ತಾರೆ? ಈಗ ಪ್ರತಿ ತಿಂಗಳೂ ಅಲ್ಲದಿದ್ದರೂ ಹೆಚ್ಚಿನ ತಿಂಗಳು ಸಿಗುತ್ತದೆ.

ಇನ್ನೊಂದು ತಿರುವು ಬಂದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಲ್ಲಿ ನ್ಯೂರೋ ರಿಹ್ಯಾಬಿಲಿಟೇಷನ್ (ನರದ ಪೆಟ್ಟಾದವರ ಪುನರ್ವಸತಿ) ವಿಭಾಗ ಇದೆ, ಬಿಪಿಎಲ್‌ನವರಿಗೆ ರಿಯಾಯಿತಿಯೂ ಇದೆ. ಅಲ್ಲಿ ದಾಖಲಾಗಿದ್ದಾಗ ಅಣ್ಣನಿಗೆ ಸದಾ ಪೈಪು ಹಾಕಿಕೊಂಡಿರುವ ಬದಲು ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ಸಣ್ಣ ಪೈಪು ಹಾಕಿ ಮೂತ್ರ ತೆಗೆದು, ಪೈಪು ಹೊರತೆಗೆಯುವುದನ್ನು ಕಲಿಸಿದರು. ಇದರಿಂದ ಸೋಂಕು ಕಡಿಮೆ, ಕಿಡ್ನಿಗೆ ಅಪಾಯ ಕಡಿಮೆ. ಕೈ ಗಟ್ಟಿ ಇರುವವರು ಯಾರು ಬೇಕಾದರೂ ಕಲಿಯಬಹುದು. ಗಾಲಿಕುರ್ಚಿಯಲ್ಲಿ ಕೂತಾಗ ಆಗಾಗ ಕೈ ಊರಿ ಪೃಷ್ಠ ಎತ್ತಬೇಕು ಅನ್ನುವುದು ಗೊತ್ತಾದದ್ದೂ ಅಲ್ಲಿಯೇ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬೆನ್ನುಹುರಿ ಪೆಟ್ಟಿನ ಯಾವ ಕುಟುಂಬವೂ ಈ ತರಬೇತಿ ಇಲ್ಲದೆ ಮನೆಗೆ ಹೋಗಬಾರದು. ರಾಡು ಹಾಕಿದ್ದಕ್ಕಿಂತ ಇದು ಅಣ್ಣನಿಗೆ ಜಾಸ್ತಿ ಬದುಕು ಕೊಟ್ಟಿದೆ. ಮನಸ್ಸಿನ ವಿಷಯಕ್ಕೂ ಅಲ್ಲಿಯೇ ಡಾಕ್ಟರ್ ಮಾತಾಡಿಸಿ ಮಾತ್ರೆ ಶುರು ಮಾಡಿದರು. ಮಾತ್ರೆಗಿಂತ ಅಲ್ಲಿದ್ದ ಬೇರೆ ಗಾಲಿಕುರ್ಚಿಯವರ ಸಹವಾಸವೇ ಹೆಚ್ಚು ಕೆಲಸ ಮಾಡಿತು ಅಂತ ಅತ್ತಿಗೆ ಹೇಳುತ್ತಾರೆ.

ಆದರೆ ಅಲ್ಲಿಗೆ ಹೋಗುವ ಮುಂಚೆಯೇ ಬೆನ್ನಿನ ಕೆಂಪು ಹುಣ್ಣಾಗಿತ್ತು. ವಾಪಸ್ ಬಂದ ಮಳೆಗಾಲದಲ್ಲಿ ಅದು ಆಳವಾಯಿತು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಹಾಸಿದ ಬಟ್ಟೆ ಒಣಗುವುದಿಲ್ಲ, ಒದ್ದೆ ಮೇಲೆ ಒದ್ದೆ, ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ನೆಲದಲ್ಲೇ ತೇವ. ಗಾಳಿ ಹಾಸಿಗೆಗೆ ಮೂರು ನಾಲ್ಕು ಸಾವಿರ ರೂಪಾಯಿ. ಅದಕ್ಕೆ ಯಾವ ಯೋಜನೆಯಲ್ಲೂ ದುಡ್ಡು ಸಿಗಲಿಲ್ಲ. ಹುಣ್ಣು ಮೂಳೆ ಕಾಣುವಷ್ಟು ಆಳವಾದ ಮೇಲೆ? ಅದರ ಆಪರೇಷನ್‌ಗೆ ಪ್ಯಾಕೇಜ್ ಇದೆ! ಅಂದರೆ ಹುಣ್ಣು ಆಗದಂತೆ ತಡೆಯಲು ನಾಲ್ಕು ಸಾವಿರ ಕೊಡದ ವ್ಯವಸ್ಥೆ, ಹುಣ್ಣಾದ ಮೇಲೆ ಮಾಂಸ ತಂದು ಮುಚ್ಚಲು ಅದರ ಎಷ್ಟೋ ಪಟ್ಟು ಕೊಡುತ್ತದೆ. ಸೂರು ಸೋರುವಾಗ ಹೆಂಚು ಕೊಡದೆ, ಗೋಡೆ ಬಿದ್ದಮೇಲೆ ಮನೆ ಕಟ್ಟಿಸಿಕೊಟ್ಟ ಹಾಗೆ.

ಈ ಸಲ ತುರ್ತು ಅಂತ ಸೇರಿಸಿಕೊಳ್ಳುವ ಹಾಗಿರಲಿಲ್ಲ. ಒಂದು ಖಾಸಗಿ ಆಸ್ಪತ್ರೆಗೆ ನೇರ ಹೋದಾಗ ರೆಫರಲ್ ತನ್ನಿ ಅಂತ ವಾಪಸ್ ಕಳಿಸಿದರು. ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ಹೋದವರು ಹಾಗೇ ವಾಪಸ್. ನಿಯಮ ಇಷ್ಟೇ: ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇದ್ದರೆ ಅಲ್ಲೇ ಮಾಡುತ್ತಾರೆ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ರೆಫರಲ್ ಬರೆಯುತ್ತಾರೆ. ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ, ಹಾಸನ ಕಡೆಯವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್. ರೋಗಿಯನ್ನು ಹೊತ್ತುಕೊಂಡು ಓಡಾಡುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರಿಗೆ ಫೋನ್ ಮಾಡಿ ಪ್ಯಾಕೇಜ್ ಇದೆಯೇ, ಬೆಡ್ ಇದೆಯೇ ಅಂತ ಕೇಳಬೇಕು. ಎರಡನೇ ಸಲ ಹಾಗೆ ಮಾಡಿದ್ದರಿಂದ ಆಪರೇಷನ್ ಸಲೀಸಾಗಿ ಆಯಿತು.

ಗಾಳಿ ಹಾಸಿಗೆ ಕೊನೆಗೂ ಬಂತು, ಆರೋಗ್ಯ ಇಲಾಖೆಯಿಂದಲ್ಲ, ಗ್ರಾಮ ಪಂಚಾಯಿತಿಯಿಂದ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಪಂಚಾಯಿತಿಗೊಬ್ಬರು ವಿಆರ್‌ಡಬ್ಲ್ಯು ಇರುತ್ತಾರೆ, ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು. ಅವರ ಮೇಲೆ ತಾಲ್ಲೂಕಿಗೆ ಎಂಆರ್‌ಡಬ್ಲ್ಯು. ನಮ್ಮ ವಿಆರ್‌ಡಬ್ಲ್ಯು ಸ್ವತಃ ಪೋಲಿಯೋ ಆದವರು, ಕೋಲು ಹಿಡಿದು ಗುಡ್ಡ ಹತ್ತಿ ಮನೆಗೆ ಬಂದು ಅರ್ಜಿ ಬರೆಸಿಕೊಂಡು ಹೋದರು. ಅರ್ಜಿಯಲ್ಲಿ ಹಾಸಿಗೆ ಅಂತ ಬರೆಯದೆ, ವೈದ್ಯರು ಸೂಚಿಸಿದ ಸಾಧನ ಅಂತ ಬರೆದು ಚೀಟಿ ಲಗತ್ತಿಸಿದ್ದು ಅವರ ಉಪಾಯ.

ಇದಕ್ಕೆಲ್ಲ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್ ಅಂತಾರೆ. ನರದ ಪೆಟ್ಟಿನಲ್ಲಿ ಆರು ತಿಂಗಳು ಕಳೆಯದೆ ಶೇಕಡಾವಾರು ಬರೆಯುವುದಿಲ್ಲ, ಸುಧಾರಿಸಬಹುದು ಅಂತ. ವೈದ್ಯಕೀಯವಾಗಿ ಅದು ಸರಿ. ಆದರೆ ಮನೆಯಲ್ಲಿ ದುಡ್ಡು ಪೂರ್ತಿ ಖಾಲಿಯಾಗುವುದೂ ಆ ಆರು ತಿಂಗಳಲ್ಲೇ. ಆನ್‌ಲೈನ್ ಅರ್ಜಿಯನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡು, ಅವಧಿ ಮುಗಿದ ವಾರವೇ ಹಾಕಿದೆವು. ಶೇ. 75ಕ್ಕಿಂತ ಜಾಸ್ತಿ ಅಂತ ಬಂತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ತಿಂಗಳಿಗೆ 1,400 ರೂಪಾಯಿ ಮಾಸಾಶನ ಶುರುವಾಯಿತು. ಅತ್ತಿಗೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಇವೆರಡೂ ಆರೋಗ್ಯದ ಹಣ ಅಲ್ಲ, ನಿಜ. ಡೈಪರ್ ಬರುವುದು ಮಾತ್ರ ಇದರಿಂದಲೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಹೆಚ್ಚಿನ ನೆರವು ಬೇಕಾದವರು ಅರ್ಜಿ ಹಾಕಬಹುದು, ಅದನ್ನು ಒಂದು ಮಂಡಳಿ ಪರಿಶೀಲಿಸಬೇಕು ಅಂತ ಇದೆ. ಓದಿದರೆ ಇಂಗ್ಲೆಂಡಿನ ಆ ಪದ್ಧತಿಗೆ ನಮ್ಮಲ್ಲಿ ಹತ್ತಿರ ಬರುವುದು ಇದೇ ಅನಿಸುತ್ತದೆ. ಒಂದು ಕಚೇರಿಯಲ್ಲಿ ಈ ಸೆಕ್ಷನ್ ಹೆಸರು ಹೇಳಿದಾಗ ಗುಮಾಸ್ತರು ನನ್ನ ಮುಖ ನೋಡಿ, ಅಂಥ ಫಾರಂ ನಮ್ಮಲ್ಲಿ ಬಂದಿಲ್ಲ ಅಂದರು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಂಡು ಇಟ್ಟಿದ್ದೇವೆ.

ತೋಟದ ಮಾಲೀಕರ ವಿಷಯ ಬಿಟ್ಟರೆ ಪ್ರಕರಣ ಅರ್ಧವಾಗುತ್ತದೆ. ಆಗ ಜಾರಿಯಲ್ಲಿದ್ದ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ 5 ಹೆಕ್ಟೇರ್‌ಗಿಂತ ಕಡಿಮೆ ತೋಟಕ್ಕೆ ಅನ್ವಯಿಸುತ್ತಿರಲಿಲ್ಲ. ಈ ತೋಟ ಹತ್ತು ಎಕರೆ, ಅಂದರೆ ಸುಮಾರು 4 ಹೆಕ್ಟೇರ್. ಹಾಗಾಗಿ ವೈದ್ಯಕೀಯ ಸೌಲಭ್ಯ, ಅನಾರೋಗ್ಯ ಭತ್ಯೆ ಯಾವುದೂ ಇರಲಿಲ್ಲ. ಸಾಹುಕಾರ್ರು ಒಂದೂವರೆ ಲಕ್ಷ ಕೊಟ್ಟು, ಇನ್ನು ಏನೂ ಕೇಳುವುದಿಲ್ಲ ಅಂತ ಛಾಪಾ ಕಾಗದದ ಮೇಲೆ ಸಹಿ ಕೇಳಿದರು. ಕೆಟ್ಟವರೇನಲ್ಲ, ಆಸ್ಪತ್ರೆಗೆ ಮೊದಲ ದಿನ ಜೀಪು ಕಳಿಸಿದ್ದು ಅವರೇ. ಆದರೆ ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಲೆಕ್ಕವೇ ಬೇರೆ. ಶಾಶ್ವತ ಪೂರ್ಣ ಅಂಗವಿಕಲತೆಗೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 450ರಂತೆ 26 ದಿನಕ್ಕೆ 11,700. ಅದರ ಶೇ. 60 ಅಂದರೆ 7,020. 40 ವರ್ಷಕ್ಕೆ ಗುಣಕ 184.17. ಗುಣಿಸಿದರೆ 12 ಲಕ್ಷ 92 ಸಾವಿರ ದಾಟುತ್ತದೆ. ಇದು ದಿನಗೂಲಿಯವರಿಗೂ ಅನ್ವಯಿಸುತ್ತಿತ್ತು. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಅರ್ಜಿಗೆ ಎರಡು ವರ್ಷದ ಗಡುವು ಇತ್ತು.

ಇದನ್ನು ಆರೈಕೆಯ ಕಥೆಯಲ್ಲಿ ಯಾಕೆ ತಂದೆ ಅಂದರೆ, ಅದೇ ಕಾಯ್ದೆಯಲ್ಲಿ ಗಾಯದ ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕರು ಬೇರೆಯಾಗಿ ಕೊಡಬೇಕು ಅಂತ ಇತ್ತು. ಬಿಲ್ಲು ಇದ್ದರೆ. ಅತ್ತಿಗೆಯ ಬಟ್ಟೆ ಅಂಗಡಿ ಕವರು ಇಲ್ಲಿ ಬೆಲೆಬಾಳಿತು. ಮೆಡಿಕಲ್ ಶಾಪಿನಲ್ಲಿ ಬಿಲ್ಲು ಬೇಡ, ಹತ್ತು ರೂಪಾಯಿ ಕಡಿಮೆ ಮಾಡ್ತೀನಿ ಅಂದಾಗ ಹ್ಞೂಂ ಅನ್ನುವವರೇ ಜಾಸ್ತಿ. ಅವರು ಅನ್ನಲಿಲ್ಲ. ಕೇಸು ಕೋರ್ಟಿನಲ್ಲಿದೆ, ಬಿಲ್ಲುಗಳನ್ನು ತಿಂಗಳ ಪ್ರಕಾರ ಜೋಡಿಸಿ ವಕೀಲರಿಗೆ ಕೊಟ್ಟಿದ್ದಾರೆ.

ಈಗಿನ ಸ್ಥಿತಿ ಹೀಗಿದೆ. ಹುಣ್ಣು ವಾಸಿಯಾಗಿದೆ. ಡ್ರೆಸ್ಸಿಂಗ್ ಸಾಮಾನು, ಹೆಚ್ಚಿನ ತಿಂಗಳ ಕ್ಯಾಥೆಟರ್, ಸೋಂಕಾದಾಗ ಮಾತ್ರೆ ಸರ್ಕಾರಿ ಆಸ್ಪತ್ರೆಯಿಂದ. ಗಾಲಿಕುರ್ಚಿ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯ ಶಿಬಿರದಲ್ಲಿ ಸಿಕ್ಕಿತು. ಕೈಯಿಂದ ಹೋಗುವುದು ತಿಂಗಳಿಗೆ ಮೂರು ಸಾವಿರದ ಹತ್ತಿರಕ್ಕೆ ಇಳಿದಿದೆ. ಇಳಿಯದೇ ಉಳಿದವು ಮೂರು. ಒಂದು ಓಡಾಟ: 108 ತುರ್ತಿಗೆ ಮಾತ್ರ, ಚೆಕಪ್‌ಗೆ ಬರುವುದಿಲ್ಲ. ಶಕ್ತಿ ಯೋಜನೆಯಲ್ಲಿ ಅತ್ತಿಗೆಗೆ ಬಸ್ಸು ಉಚಿತ, ಆದರೆ ಗಾಲಿಕುರ್ಚಿ ಹತ್ತುವ ಬಸ್ಸೇ ನಮ್ಮ ರೂಟಿನಲ್ಲಿ ಇಲ್ಲ, ಪ್ರತಿ ಸಲ ಜೀಪು ಮಾಡಬೇಕು. ಎರಡನೆಯದು ಫಿಸಿಯೋಥೆರಪಿ. ಮನೆಗೆ ಬಂದು ಮಾಡುವವರು ಇಲ್ಲ, ನಿಮ್ಹಾನ್ಸ್‌ನಲ್ಲಿ ಕಲಿಸಿದ್ದನ್ನು ಹೈಸ್ಕೂಲಿಗೆ ಹೋಗುವ ಮಗ ಸಂಜೆ ಮಾಡಿಸುತ್ತಾನೆ. ಮೂರನೆಯದು ಅತ್ತಿಗೆಯ ಕೂಲಿ. ಅದಕ್ಕೆ ಇನ್ನೂ ಯಾವ ಕಚೇರಿಯ ಭಾಷೆಯಲ್ಲೂ ಹೆಸರು ಸಿಕ್ಕಿಲ್ಲ. 38ನೇ ಸೆಕ್ಷನ್‌ನ ಆ ಬಿಳಿ ಹಾಳೆ ಅರ್ಜಿಯಲ್ಲಿ ಮೊದಲ ಸಾಲಿನಲ್ಲಿ ಕೇಳಿರುವುದು ಅದನ್ನೇ. ಉತ್ತರ ಬಂದಿಲ್ಲ. ನೆನಪೋಲೆ ಟೈಪ್ ಮಾಡಿ ಇಟ್ಟಿದ್ದೇನೆ, ಮುಂದಿನ ವಾರ ಕಿಡ್ನಿ ಸ್ಕ್ಯಾನಿಂಗ್‌ಗೆ ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ಅತ್ತಿಗೆ ಅದೇ ಜೀಪಿನಲ್ಲಿ ಆ ಕಚೇರಿಗೂ ಹೋಗಿ ಕೊಟ್ಟು ಬರುತ್ತಾರೆ.